ವೈಫೈಗೆ ಕನ್ನ ಹಾಕಿದವನು

ಲಕ್ಕೂರಿನ ಗಂಗಾಧರನಿಗೆ ಆ ಭಾನುವಾರ ಬಂದ ಸಿಟ್ಟು ನ್ಯಾಯವಾದದ್ದೇ. ತಂಗಿ ಅನಿತಳನ್ನು ಮಾತಾಡಿಸಲು ಶ್ರೀನಿವಾಸಪುರದ ಗಂಡಿನ ಕಡೆಯವರು ಹೋದ ವಾರ ವಿಡಿಯೋ ಕಾಲ್ ಮಾಡಿದ್ದರು. ಇವನು ಮನೆತನದ ಹಿರಿಮೆ ಬಣ್ಣಿಸಲು ಬಾಯಿ ತೆರೆದದ್ದೇ ತಡ, ವೈಫೈ ಕೈಕೊಟ್ಟಿತು. ಮತ್ತೆ ಮಾಡಿದರೂ ಅದೇ ಹಾಡು. ಗಂಡಿನ ಸೋದರತ್ತೆ ಆದಿಲಕ್ಷ್ಮಮ್ಮ, ‘ಸಂಬಂಧ ಇಷ್ಟ ಇಲ್ಲಾಂದ್ರೆ ನೇರವಾಗಿ ಹೇಳ್ಲಿ’ ಎಂದು ಹೇಳಿ ಕಳಿಸಿದ್ದರು. ಇವತ್ತು ಸಂಜೆ ಅವರು ಮತ್ತೆ ಮಾಡುವ ಕಾಲ್‌ನಲ್ಲೂ ಹಾಗೇ ಆದರೆ ಸಂಬಂಧ ತಪ್ಪಿದಂತೆಯೇ. ಹುಡುಗನನ್ನು ಮನಸಾರೆ ಒಪ್ಪಿದ್ದ ಅನಿತ ಬೆಳಗಿನಿಂದ ಅನ್ನ ಮುಟ್ಟಿರಲಿಲ್ಲ.

“ನಮ್ ವೈಫೈಗೆ ಯಾವನೋ ಕನ್ನ ಹಾಕವ್ನೆ,” ಎಂದು ಗಂಗಾಧರ ತೀರ್ಪು ಕೊಟ್ಟ. ಹೆಂಡತಿ ಶ್ರೀವಾಣಿಯಿಂದ ಪಾಸ್‌ವರ್ಡ್ ಕಿತ್ತುಕೊಂಡು, ರೌಟರಿನ ಆ್ಯಪನ್ನು ಮೊದಲ ಬಾರಿಗೆ ತನ್ನ ಫೋನಿಗೆ ಹಾಕಿಕೊಂಡ. (ಅಲ್ಲಿಯವರೆಗೆ ಅದನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಯಜಮಾನನಾದವನು ಇಂಥ ಚಿಲ್ಲರೆ ಕೆಲಸಕ್ಕೆ ಕೈ ಹಾಕುತ್ತಾನೆಯೇ?)

ಇಂಗ್ಲಿಷ್ ಅಕ್ಷರಗಳಲ್ಲಿ ಐದು ಹೆಸರು ಬಂದವು. ಟಿವಿ, ವಾಣಿ, ಅನಿತ, ಇವು ಮನೆಯವೇ. ನಾಲ್ಕನೆಯದು ಎ, ಟಿ, ಟಿ, ಎ. ಗಂಗಾಧರ ‘ಅಟ್ಟ’ ಎಂದು ಓದಿದ.

“ನೋಡ್ದಾ? ನಮ್ಮ ಅಟ್ಟದ್ಮೇಲೇ ಏನೋ ಮಡಗವ್ರೆ.”

“ರೀ, ಅದು ಅಟ್ಟ ಅಲ್ಲ, ಸ್ವಲ್ಪ ಕೇಳಿ ಇಲ್ಲಿ,” ಎಂದಳು ನಾದಿನಿಗೆ ಜಡೆ ಹೆಣೆಯುತ್ತಿದ್ದ ಶ್ರೀವಾಣಿ.

“ನೀನ್ ಸುಮ್ನಿರೇ. ಇದು ಟೆಕ್ನಿಕಲ್ಲು.”

ಏಣಿ ಹಾಕಿ ಹತ್ತಿದ. ಅಲ್ಲಿ ಹಳೇ ಮಂಕರಿ, ತೂತುಬಿದ್ದ ಹಂಡೆ, ಮರಿ ಹಾಕಿದ್ದ ಬೆಕ್ಕು. ಬೆಕ್ಕು ಪರಚಿತು. ಜೇಡರಬಲೆ ಹೊತ್ತು ಕೆಳಗಿಳಿದವನು ಸಿಟ್ಟಿಗೆ ‘ಅಟ್ಟ’ವನ್ನು ಬ್ಲಾಕ್ ಮಾಡಿದ.

ಒಳಗೆ ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದ ತಾಯಿ ಶಾಮಲಮ್ಮ ಕೂಗಿದರು: “ಲೇ ಗಂಗಾ, ಇದ್ಯಾಕ್ಲಾ ನಿಂತೋಯ್ತು? ಆ ಸೊಸೆ ಇನ್ನೇನು ನಿಜ ಹೇಳ್ತಿದ್ಲು.”

“ಇರಮ್ಮ, ಇಲ್ಲಿ ಕಳ್ಳನ್ನ ಹಿಡೀತಿದೀನಿ.”

ಐದನೆಯ ಹೆಸರು ಓದಿ ಅವನಿಗೆ ಮೈಯೆಲ್ಲ ಉರಿಯಿತು. ‘ಪನಿಕಿರಾನೋಡು’. ಮುಳಬಾಗಿಲಿನ ಹೆಣ್ಣನ್ನು ಕಟ್ಟಿಕೊಂಡವನಿಗೆ ಅಷ್ಟು ತೆಲುಗು ಬರದೇ ಇರುತ್ತದೆಯೇ? ಕೆಲಸಕ್ಕೆ ಬಾರದವನು!

“ಯಾವನ್ಲಾ ಅವ್ನು?” ಎಂದು ಪಕ್ಕದ ಸುಬ್ಬರಾಯಪ್ಪನ ಮನೆಗೂ ಕೇಳುವಂತೆ ಗುಡುಗಿದ. “ಹೆಸರಿಟ್ಟೋರು ಸರಿಯಾಗೇ ಇಟ್ಟವ್ರೆ. ದಂಡಪಿಂಡ. ಭೂಮಿಗೆ ಭಾರ. ಕೂತಲ್ಲೇ ಕೂತ್ಕೊಂಡು ನಮ್ ನೆಟ್ ನುಂಗ್ತಾನಲ್ಲ, ಮಾನ ಮರ್ಯಾದೆ ಬೇಡ್ವಾ?”

“ರೀ, ಅವ್ನನ್ನ ಮಾತ್ರ ಮುಟ್ಬೇಡಿ,” ಎಂದಳು ಶ್ರೀವಾಣಿ.

“ಓಹೋ. ನಿಂಗೆ ಗೊತ್ತಿರೋನೋ?”

“ಮದ್ವೆ ಆದಾಗಿಂದ ಗೊತ್ತು.”

ಸಿಟ್ಟಿನ ಭರದಲ್ಲಿ ಆ ಮಾತು ಗಂಗಾಧರನ ತಲೆಗೆ ಹೋಗಲಿಲ್ಲ. ಬೆರಳು ಮಾತ್ರ ನೇರವಾಗಿ ಹೋಗಿ ‘ಬ್ಲಾಕ್’ ಒತ್ತಿತು. ಅವನ ಕೈಲಿದ್ದ ಫೋನು ಗಿರಗಿರನೆ ಚಕ್ರ ಸುತ್ತಿಸಿ, ನೆಟ್ ಇಲ್ಲ ಎಂದಿತು. ಅದನ್ನು ಕೊಡವಿದ, ಆಫ್ ಮಾಡಿ ಆನ್ ಮಾಡಿದ. ಮನೆಯೊಳಗೆ ಟವರೂ ಸಿಗದು. ಗಂಡಿನ ಕಡೆಯವರು ಕಾಲ್ ಮಾಡುವ ಹೊತ್ತು ಬೇರೆ.

“ನಮ್ ಕಡೆ ಅತ್ತೇನ ಅತ್ತ ಅಂತಾರೆ. ಅದು ನಿಮ್ಮಮ್ಮನ ಫೋನು,” ಎಂದಳು ಶ್ರೀವಾಣಿ. “ಇನ್ನೊಂದು ಯಾರ್ದು ಅಂತ ನೀವೇ ಬಾಯ್ತುಂಬ ಹೇಳಿದ್ರಲ್ಲ.”

ಹಾಗೆಂದವಳೇ ತನ್ನ ಫೋನಿನಿಂದಲೇ ಆದಿಲಕ್ಷ್ಮಮ್ಮನಿಗೆ ಕಾಲ್ ಮಾಡಿದಳು. ಅರ್ಧ ತೆಲುಗು, ಅರ್ಧ ಕನ್ನಡ. ನೆಟ್ ನುಂಗುವ ಎರಡೂ ಫೋನು ಬ್ಲಾಕ್ ಆಗಿದ್ದರಿಂದ ಒಂದು ಸಲವೂ ಕಡಿಯಲಿಲ್ಲ. ಜೇಡರಬಲೆಯಲ್ಲಿದ್ದ ಯಜಮಾನ ಫೋನಿನ ಮುಂದೆ ಬರಲು ನೋಡಿದಾಗಲೆಲ್ಲ ಕೈಸನ್ನೆಯಲ್ಲೇ ಹಿಂದಕ್ಕೆ ಹೋಗಿ ಎಂದಳು. ಮನೆತನದ ಹಿರಿಮೆಯನ್ನು ಯಾರೂ ಕೇಳಲಿಲ್ಲ. ಮುಂದಿನ ವಾರ ತಾಂಬೂಲಕ್ಕೆ ಬರುತ್ತೇವೆಂದು ಆದಿಲಕ್ಷ್ಮಮ್ಮ ನಗುನಗುತ್ತಾ ಫೋನಿಟ್ಟರು.

“ಈಗಾದ್ರೂ ನಂದು ಬ್ಲಾಕ್ ತೆಗಿಯೇ,” ಎಂದ ಗಂಗಾಧರ, ದನಿ ತಗ್ಗಿಸಿ.

ಶ್ರೀವಾಣಿ ಅತ್ತೆಯದನ್ನು ತೆಗೆದಳು. ಮುಂದಿನದಕ್ಕೆ ಬೆರಳು ಚಾಚುವಷ್ಟರಲ್ಲಿ ಅನಿತ ಅವಳ ಕೈ ಹಿಡಿದುಕೊಂಡಳು.

“ಅತ್ತಿಗೆ, ಅಣ್ಣಂದು ಮದ್ವೆ ಮುಗಿಯೋವರ್ಗೂ ಹಂಗೇ ಇರ್ಲಿ.”