ಬ್ರೇಕಿಗೆ ಹರಳೆಣ್ಣೆ ಹಾಕಿದ ವಿಚಾರವಾಗಿ

ಸಂಖ್ಯೆ: ವಾವಿ/ಬ್ರೇಕು/ಎಣ್ಣೆ/55-56
ಮದರಾಸು, ನವೆಂಬರ್ 1955

ವಿಷಯ: ಇಲಾಖೆಯ ಕಾರಿನ ಬ್ರೇಕು ದೋಷಗಳನ್ನು ಗುರುತಿಸುವುದು, ಗುರುತಿಸಿದ ಮೇಲೆ ಸುಮ್ಮನಿರುವುದು, ಹಾಗೂ ಚಾಲಕ ಶ್ರೀ ಮೋನಪ್ಪ ಅವರ ನೌಕರಿಯ ಬಗ್ಗೆ.

ಉಲ್ಲೇಖ: (1) ಸದರಿ ಮೋನಪ್ಪ ಅವರ ಮೌಖಿಕ ದೂರು. (2) ಅದೇ ದೂರು, ಜೋರು ದನಿಯಲ್ಲಿ. (3) ಕಾಸಿಮೇಡಿನ ಮೀನು ಹರಾಜಿನಲ್ಲಿ ನೆರೆದವರ ಬೊಬ್ಬೆ.

ಈ ಇಲಾಖೆಗೆ ಇರುವುದು ಒಂದೇ ಕಾರು, ಒಬ್ಬರೇ ಚಾಲಕರು. ಆದರೂ ನಿಯಮವೆಂದ ಮೇಲೆ ಎಲ್ಲರಿಗೂ ಅನ್ವಯಿಸಬೇಕಾದ್ದರಿಂದ ಈ ಸುತ್ತೋಲೆಯನ್ನು 'ಸಮಸ್ತ ಚಾಲಕರಿಗೆ' ಎಂದು ಹೊರಡಿಸಲಾಗಿದೆ. ಸಮಸ್ತರೂ ಮಂಗಳೂರು ಕಡೆಯವರಾಗಿದ್ದು ಕನ್ನಡ ಬಿಟ್ಟು ಬೇರೆ ಅಕ್ಷರ ಓದಲಾರರಾದ್ದರಿಂದ ಕನ್ನಡದಲ್ಲಿ ಹೊರಡಿಸಲಾಗಿದೆ.

ಹಿನ್ನೆಲೆ: ಆಯುಧಪೂಜೆಗೆ ಮುಂಚೆ ಸದರಿ ಕಾರಿನ ಬ್ರೇಕು ಕಿರ್ರೆಂದು ಕೂಗುತ್ತಿದ್ದುದು ಸರ್ವವಿದಿತ. ಒಳಗಿನ ಪಟ್ಟಿ ಸವೆದಿದೆ, ಹೊಸದು ಹಾಕಿಸಬೇಕು ಎಂದು ಮೋನಪ್ಪ ತಿಳಿಸಿದರು. ಪಟ್ಟಿಗೆ ಮಂಜೂರಾತಿ ಇರಲಿಲ್ಲ, ಪೂಜೆಗೆ ಇತ್ತು. ಆದ್ದರಿಂದ ಹೆಡ್ ಗುಮಾಸ್ತರಾದ ಶ್ರೀ ತಿರುಮಲರಾಯರು ಚಕ್ರಗಳನ್ನು ಬಿಚ್ಚಿಸಿ, ಪಟ್ಟಿಗಳಿಗೆ ಅರಿಶಿನ ಕುಂಕುಮವಿಟ್ಟು, ಧಾರಾಳವಾಗಿ ಹರಳೆಣ್ಣೆ ಸವರಿಸಿದರು. ರಾಯರು ತಿರುವಲ್ಲಿಕ್ಕೇಣಿಯ ತಮ್ಮ ಮನೆಯ ಬಾಗಿಲು ಕೂಗಿದಾಗಲೆಲ್ಲ ಇದೇ ಎಣ್ಣೆಯಿಂದ ಬಾಯಿ ಮುಚ್ಚಿಸಿದ ಅನುಭವಿಗಳು. "ಅಯ್ಯೋ ರಾಯರೇ, ಬ್ರೇಕಿಗೆ ಎಣ್ಣೆ ತಾಗಿಸ್ಲಿಕ್ಕೇ ಬಾರದು! ಮತ್ತೆ ಗಾಡಿ ನಿಲ್ಲುದಿಲ್ಲ ಮಾರಾಯ್ರೆ!" ಎಂದು ಮೋನಪ್ಪ ಬಡಕೊಂಡದ್ದು ಜಾಗಟೆಯ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ದಾಖಲಿಸಲಾಗಿದೆ. ಮರುದಿನ ಬ್ರೇಕು ಕೂಗಲಿಲ್ಲ. ಕಾರು ನಿಲ್ಲಲೂ ಇಲ್ಲ. ಅದು ಬೇರೆ ಕಡತ.

ಆ ಬೆಳಿಗ್ಗೆ ಉಪನಿರ್ದೇಶಕರಾದ ಶ್ರೀ ಬದರಿನಾಥ ಅವರು ತಪಾಸಣೆಗೆಂದು ಎಣ್ಣೂರಿಗೆ ಹೊರಟಿದ್ದರು. ಮೋನಪ್ಪ ಕಾರು ಮುಟ್ಟಲು ಒಪ್ಪಲಿಲ್ಲ. ಒಪ್ಪದಿದ್ದರೆ ನಾಳೆಯಿಂದ ಬರಬೇಕಾಗಿಲ್ಲ ಎಂದು ಹೆಡ್ ಗುಮಾಸ್ತರು ವಿನಯದಿಂದ ತಿಳಿಸಿದಾಗ, ಮನೆಯಲ್ಲಿ ಉಣ್ಣುವ ಬಾಯಿಗಳನ್ನು ನೆನೆದು ಒಪ್ಪಿದರು. ರಾಯಪುರಂ ದಾಟಿ ಕಾಸಿಮೇಡಿನ ತಿರುವಿಗೆ ಬಂದಾಗ ಬ್ರೇಕು ತುಳಿದರೂ ಕಾರು ತನ್ನ ಪಾಡಿಗೆ ತಾನು ಹೋಯಿತು. ಕೈಬ್ರೇಕಿಗೂ ಅದೇ ಪ್ರಸಾದ ಸಂದಿತ್ತು. ಕಾರು ಹರಾಜಿನ ಮೀನಿನ ರಾಶಿಗೆ ನುಗ್ಗಿ ನಿಂತಿತು. ಈರುಳ್ಳಿಯನ್ನೂ ಹೊಸ್ತಿಲು ದಾಟಿಸದ ಆಚಾರವಂತರಾದ ಉಪನಿರ್ದೇಶಕರು, ಕಿಟಕಿಯಿಂದ ಒಳಬಂದ ವಂಜರಂ ಮೀನೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದುದು ಕಂಡುಬಂದಿದೆ. ಯಾರಿಗೂ ಗಾಯವಾಗಿಲ್ಲ.

ಕಾರಣ ಕೇಳಿದಾಗ ಮೋನಪ್ಪ ಕೊಟ್ಟ ವಿವರಣೆ: "ಎದುರಿಗೆ ಗೋಡೆ. ಎಡಕ್ಕೆ ಹೆಂಗಸರು. ಬಲಕ್ಕೆ ಮೀನು. ಮೀನು ಮೊದಲೇ ಸತ್ತಿತ್ತಲ್ಲ ಸ್ವಾಮೀ." ಆ ಮೀನಿನ ಒಡತಿ ಶ್ರೀಮತಿ ಕೌಸಲ್ಯಾ ಅವರು "ಡ್ರೈವರ್ ನಲ್ಲ ಮನುಷನ್, ಕಾರುದಾನ್ ಕೆಟ್ಟದು" ಎಂದು ಸಾಕ್ಷಿ ನುಡಿದಿದ್ದಾರೆ. ಮನುಷ್ಯ ಒಳ್ಳೆಯವನು, ಕೆಟ್ಟದ್ದು ಕಾರೇ ಎಂದು ಇದರ ಅರ್ಥವಾದರೂ, ಸಾಕ್ಷಿ ತಮಿಳಿನಲ್ಲಿದ್ದುದರಿಂದ ಕನ್ನಡ ಕಡತದಲ್ಲಿ ಪರಿಗಣಿಸಲು ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಪರಿಗಣಿಸಲಾಯಿತು.

ಆದ್ದರಿಂದ ಈ ಕೆಳಕಂಡಂತೆ ವಿಧಿಸಲಾಗಿದೆ:

1. ಬ್ರೇಕು ಕೂಗಿದಲ್ಲಿ, ಕೂಗಿದ್ದು ಮುಂದಿನ ಚಕ್ರವೋ ಹಿಂದಿನದೋ ಎಂಬುದನ್ನು ಮೊದಲು ತೀರ್ಮಾನಿಸತಕ್ಕದ್ದು. ಹಿಂದಿನ ಚಕ್ರವು ಉಪನಿರ್ದೇಶಕರ ಆಸನದ ಅಡಿಯಲ್ಲಿ ಬರುವುದರಿಂದ ಅದರ ಬಗ್ಗೆ ಮಾತಾಡಲು ಚಾಲಕರಿಗೆ ಅಧಿಕಾರವಿಲ್ಲ.

2. ಬ್ರೇಕು ಹಿಡಿದಾಗ ಕಾರು ಒಂದೇ ಕಡೆಗೆ ಎಳೆದಲ್ಲಿ, ಆ ದಿನದ ಕಚೇರಿ ಕೆಲಸಗಳನ್ನು ಆ ಕಡೆಯಲ್ಲೇ ಇಟ್ಟುಕೊಳ್ಳತಕ್ಕದ್ದು.

3. ಬ್ರೇಕಿನ ಎಣ್ಣೆ ಸೋರಿದಲ್ಲಿ, ಸೋರಿದ್ದು ಸರ್ಕಾರದ ಸ್ವತ್ತು. ಅದನ್ನು ನೆಲದಿಂದ ಬಳಿದು ಉಗ್ರಾಣಕ್ಕೆ ಒಪ್ಪಿಸಿದ ಮೇಲಷ್ಟೇ ಹೊಸ ಎಣ್ಣೆ ಕೊಡಲಾಗುವುದು. ಅಲ್ಲಿಯವರೆಗೆ ಕಾರು ಓಡತಕ್ಕದ್ದು.

4. ಪೆಡಲು ಮೆತ್ತಗಾಗಿ ನೆಲ ಮುಟ್ಟಿದಲ್ಲಿ ಗಾಬರಿಪಡಬಾರದು. ಮೇಲಧಿಕಾರಿಯ ಆಜ್ಞೆಗೆ ಬಾಗುವುದು ಇಲಾಖೆಯ ಎಲ್ಲ ಭಾಗಗಳ ಕರ್ತವ್ಯವಾಗಿದೆ.

5. ಸುಟ್ಟ ವಾಸನೆ ಬಂದಲ್ಲಿ ಅದು ಕ್ಯಾಂಟೀನಿನ ವಡೆಯದಲ್ಲವೆಂದು ಕ್ಯಾಂಟೀನಿನವರಿಂದ ಬರೆಸಿ ತರತಕ್ಕದ್ದು.

6. ಚಾಲಕರ ಎರಡೂ ಕೈ ಸದಾ ಸ್ಟಿಯರಿಂಗಿನ ಮೇಲಿರಬೇಕೆಂದು ಹಿಂದಿನ ಸುತ್ತೋಲೆ ಹೇಳಿದೆ. ಆದಕಾರಣ ಕೈಬ್ರೇಕಿಗೆ ಮೂರನೆಯ ಕೈ ಬೇಕಾಗುತ್ತದೆ. ಆ ಹುದ್ದೆ ಇನ್ನೂ ಮಂಜೂರಾಗಿಲ್ಲ.

7. ಬ್ರೇಕು ಕೈಕೊಡುವ ವಿಷಯವನ್ನು ಅದು ಕೈಕೊಡುವ ಮೊದಲೇ, ಕಚೇರಿ ವೇಳೆಯಲ್ಲಿ, ಲಿಖಿತವಾಗಿ ತಿಳಿಸತಕ್ಕದ್ದು. ಆದರೂ ಕೈಕೊಟ್ಟಲ್ಲಿ, ಎದುರಿಗೆ ಗೋಡೆಯೂ ಮೀನೂ ಇದ್ದರೆ ಗೋಡೆಗೆ ಆದ್ಯತೆ ನೀಡತಕ್ಕದ್ದು. ಸರ್ಕಾರದ ಕಾರು ಸರ್ಕಾರದ ಗೋಡೆಗೆ ಗುದ್ದಿದರೆ ಅದು ಮನೆಯೊಳಗಿನ ಮಾತು. ಮೀನು ಪರರದ್ದು, ಮೇಲಾಗಿ ಮೈಲಿಗೆ.

8. ಮೋನಪ್ಪ ಅವರು ಗೋಡೆ ಕಣ್ಣೆದುರಿಗಿದ್ದೂ ಮೀನನ್ನು ಆರಿಸಿಕೊಂಡು ಉಪನಿರ್ದೇಶಕರ ಆಚಾರ ಕೆಡಿಸಿದ್ದಲ್ಲದೆ, ವಿಚಾರಣೆಯಲ್ಲಿ ಹರಳೆಣ್ಣೆಯ ಹೆಸರೆತ್ತಿ ಹಿರಿಯರ ಮುಖಕ್ಕೆ ಮಸಿ ಬಳಿಯಲು ಯತ್ನಿಸಿದ್ದು ರುಜುವಾತಾಗಿದೆ. ಅವರನ್ನು ವಜಾ ಮಾಡಲಾಗಿದೆ. ಅವರ ಸ್ಥಾನಕ್ಕೆ ಶ್ರೀ ಗುಂಡಣ್ಣ ಅವರನ್ನು ನೇಮಿಸಲಾಗಿದೆ. ಇವರು ಹೆಡ್ ಗುಮಾಸ್ತರ ಭಾವಮೈದುನರೆಂಬುದು ಕಾಕತಾಳೀಯ. ಬ್ರೇಕಿನ ಬಗ್ಗೆ ಈವರೆಗೆ ಒಂದೇ ಒಂದು ದೂರನ್ನೂ ಕೊಟ್ಟವರಲ್ಲ. ಕಾರು ಓಡಿಸಿದವರೂ ಅಲ್ಲ.

ಕರಡು: ತಿರುಮಲರಾವ್, ಹೆಡ್ ಗುಮಾಸ್ತ

ಸಹಿ: ಉಪನಿರ್ದೇಶಕರ ಎಡಗೈ ಹೆಬ್ಬೆಟ್ಟು
(ಶ್ರೀ ಗುಂಡಣ್ಣ ಅವರು ತಮ್ಮ ಮೊದಲ ಸವಾರಿಯಲ್ಲೇ ಈ ಕರಡಿನ ಖಂಡಿಕೆ 7ನ್ನು ಚಾಚೂ ತಪ್ಪದೆ ಪಾಲಿಸಿರುವುದರಿಂದ ಸಾಹೇಬರ ಬಲಗೈ ಪ್ಲಾಸ್ಟರಿನಲ್ಲಿದೆ.)

ಪ್ರತಿಗಳು:

1. ಶ್ರೀ ಗುಂಡಣ್ಣ ಅವರಿಗೆ, ಮೂಳೆ ವಾರ್ಡಿನ ವಿಳಾಸಕ್ಕೆ, ಮೆಚ್ಚುಗೆಯೊಂದಿಗೆ.

2. ಗೋಡೆಯ ಉಸ್ತುವಾರಿ ಇಲಾಖೆಗೆ, ಗೋಡೆ ಈಗ ಇಲ್ಲವೆಂಬ ಮಾಹಿತಿಗಾಗಿ.

3. ಉಗ್ರಾಣಕ್ಕೆ, ಉಳಿದ ಹರಳೆಣ್ಣೆಯನ್ನು ಮುಂದಿನ ಆಯುಧಪೂಜೆಗೆ ಕಾಯ್ದಿರಿಸಲು.

4. ಶ್ರೀ ಮೋನಪ್ಪ ಅವರಿಗೆ, ವಜಾ ಊರ್ಜಿತದಲ್ಲಿದ್ದರೂ ಉಪನಿರ್ದೇಶಕರನ್ನು ಆಸ್ಪತ್ರೆಯಿಂದ ಮನೆಗೆ ಕರೆತರಲು ಒಡನೆ ಹಾಜರಾಗುವಂತೆ. ಸಾಹೇಬರು ಬೇರೆ ಯಾರು ಓಡಿಸಿದರೂ ಹತ್ತುವುದಿಲ್ಲವೆಂದು ಹಟ ಹಿಡಿದಿದ್ದಾರೆ. (ಪ್ರತಿ ಹಿಂದಿರುಗಿದೆ. ಸದರಿಯವರು ಈಗ ಕೌಸಲ್ಯಾ ಅವರ ಮೀನಿನ ಲಾರಿ ಓಡಿಸುತ್ತಿದ್ದಾರೆಂದೂ, ಜವಾನನು ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದ ಕೂಡಲೇ ಲಾರಿ ನಿಂತಿತೆಂದೂ, ಮೋನಪ್ಪ ಮಾತ್ರ ಇಳಿಯಲಿಲ್ಲವೆಂದೂ ವರದಿ.)