ಹುಳದ ಮನೆಯಲ್ಲೊಂದು ಮೀನು

ನೀರಿನೊಳಗಿರುವ ಮೀನಿಗೆ ಇರುವೆ ಕಚ್ಚೀತೆಂದು ಕಾವಲು ಹಾಕಿದ ಮಹಾನುಭಾವ ಇಡೀ ಭೂಮಂಡಲದಲ್ಲಿ ಒಬ್ಬನೇ ಇರಬೇಕು. ನನ್ನ ಗ್ರಹಚಾರ, ಅವನು ನನಗೆ ಸೋದರಮಾವ! ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿದರೆ ಮರಳವಾಡಿಯಲ್ಲಿ ಬಸ್ಸಿಳಿದು "ಮೀನಿನ ಗೌಡರ ಮನೆ ಎಲ್ಲಿ?" ಅಂತ ಯಾರನ್ನಾದರೂ ಕೇಳಿ. ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ.

ಹಿರಿಯರನ್ನು ಅವನು ಇವನು ಅನ್ನುತ್ತಾಳಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಾಕಿದರೆ, ಇವಳೇನೋ ಎಡವಟ್ಟು ಮಾಡಿಕೊಂಡು ಬಂದಿದ್ದಾಳೆ ಎಂದು ಅವನಿಗೇ ಅನುಮಾನ ಬರುತ್ತದೆ.

ಮಾವ ರೇಷ್ಮೆ ಹುಳ ಸಾಕಿದವನು. ಮೀಸೆ ಮೂಡುವ ಮೊದಲೇ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತವನು. ಊರಿನವರೆಲ್ಲರ ಹುಳ ಸತ್ತರೂ ಅವನ ಮನೆಯ ಬೆಳೆ ಕೆಟ್ಟದ್ದಿಲ್ಲ. ಅದೇ ಅವನ ತಲೆಗೇರಿದ್ದು! ಈ ಶತಮಾನ ಶುರುವಾದ ಕೆಲವು ವರ್ಷಕ್ಕೆ ಹಾರೋಹಳ್ಳಿ ಕಡೆಯ ಕಾರ್ಖಾನೆಗಳು ಹೊಲದಿಂದ ಹೊಲಕ್ಕೆ ಹಬ್ಬುತ್ತಾ ನಮ್ಮ ಮಾವನ ಹಿಪ್ಪುನೇರಳೆ ತೋಟವನ್ನೂ ಕಾಂಪೌಂಡಿನೊಳಗೆ ಹಾಕಿಕೊಂಡವು. ಉಳಿದದ್ದು ಮನೆ, ಒಂದಿಷ್ಟು ರಾಗಿ ಹೊಲ, ಒಂದು ಹಸು, ಹಿತ್ತಲಲ್ಲಿ ಬರಿದಾದ ಹುಳದ ಮನೆ. ಸೊಪ್ಪೇ ಇಲ್ಲದ ಮೇಲೆ ಹುಳ ತಿನ್ನುವುದೇನನ್ನು? ಕೊನೆಯ ಬೆಳೆಯ ರೇಷ್ಮೆ ಗೂಡನ್ನು ಮೂಟೆ ಕಟ್ಟಿಕೊಂಡು ಮಾವ ರಾಮನಗರದ ಮಾರುಕಟ್ಟೆಗೆ ಹೋದ. ಕೊನೆಯ ಬೆಳೆ ಕೊಟ್ಟು ಬರುವ ಗೃಹಸ್ಥ ಮನೆಗೆ ಏನು ತರಬೇಕು? ಹೆಂಡತಿಗೊಂದು ಸೀರೆ ತರಬಹುದು. ಸೀರೆ ಬೇಡ, ಒಂದು ಮೊಳ ಹೂವಾದರೂ ತರಬಹುದು. ಈ ಪುಣ್ಯಾತ್ಮ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಗೋಲ್ಡ್ ಫಿಶ್ ತಂದ!

ಬಸ್ಸು ಬದಲಿಸಲು ಕನಕಪುರದಲ್ಲಿ ಇಳಿದವನು ಸೀದಾ ನಮ್ಮ ಮನೆಗೆ ಬಂದ. ಒಂದು ಕೈಯಲ್ಲಿ ಮೀನಿನ ಕವರು, ಇನ್ನೊಂದರಲ್ಲಿ ಎಳನೀರು ಬುಂಡೆಗಿಂತ ಚೂರು ದೊಡ್ಡದಾದ ಗಾಜಿನ ಬೌಲು. ಕವರನ್ನು ಮೇಲೆ ಇಡಿ ಎಂದ ಕಂಡಕ್ಟರಿಗೆ "ನಿನ್ನ ಮಗೀನ ಮೇಲಿಡ್ತೀಯೇನ್ಲಾ?" ಎಂದು ಜಗಳ ತೆಗೆದು, ಸೀಟು ಖಾಲಿ ಇದ್ದರೂ ದಾರಿಯುದ್ದಕ್ಕೂ ನಿಂತೇ ಬಂದನಂತೆ. ಕೂತರೆ ಮೀನಿಗೆ ಕುಲುಕಾಟ ಜಾಸ್ತಿಯಂತೆ!

ನಾನು ಕನಕಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಸುಮ್ಮನಿರಲು ಬಾಯಿ ಕೇಳುತ್ತದೆಯೇ?

"ಮಾವ, ಇವನ್ನ ಎಲ್ಲಿ ಸಾಕ್ತೀಯ?"

"ಇದ್ರಲ್ಲೇ ಕಣವ್ವ. ಅಂಗ್ಡಿಯೋನು ಹೇಳವ್ನೆ, ಬೌಲೇ ಸಾಕಂತೆ. ಒಸಿ ನೀರು, ಒಸಿ ಕಾಳು. ಏನೂ ರಗಳೆ ಇಲ್ವಂತೆ."

"ಅಂಗಡಿಯವನು ಮೀನು ಮಾರೋನು, ಸಾಕೋನಲ್ಲ. ಇದು ಗೇಣುದ್ದ ಬೆಳೆಯೋ ಮೀನು. ಈ ಬುಂಡೆಯಲ್ಲಿ ಉಣ್ಣೋದೂ ಅಲ್ಲೇ, ಹೇಲೋದೂ ಅಲ್ಲೇ. ಅದರ ಹೊಲಸೇ ಅದಕ್ಕೆ ವಿಷ ಆಗುತ್ತೆ. ದೊಡ್ಡ ತೊಟ್ಟಿ ಬೇಕು."

"ಹುಳ ಸಾಕ್ದೋನ್ಗೆ ಸಾಕೋದ ಹೇಳ್ಕೊಡಕ್ ಬಂದ್ಬುಟ್ಲು! ಹೋಗವ್ವ, ಕಾಪಿ ಕಾಸು."

ಬಿ.ಎಸ್‌ಸಿ., ಬಿ.ಎಡ್. ಮಾಡಿದ್ದು ಯಾವ ಭಾಗ್ಯಕ್ಕೆ? ಒಳಗೆ ಹೋಗಿ ಕಾಫಿ ಕಾಸಿದೆ.

ಮುಂದಿನ ರಜಕ್ಕೆ ಊರಿಗೆ ಹೋದಾಗ ನೋಡುತ್ತೇನೆ, ಮೀನಿನ ಬೌಲು ವಿರಾಜಮಾನವಾಗಿದ್ದದ್ದು ಹುಳದ ಮನೆಯಲ್ಲಿ! ನಟ್ಟನಡುವೆ ಒಂದು ಸ್ಟೂಲು. ಸ್ಟೂಲಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು. ಹುಳದ ತಟ್ಟೆಗಳಿಗೆ ಇರುವೆ ಹತ್ತದಿರಲಿ ಎಂದು ಹಾಗೆ ಇಡುವುದು ವಾಡಿಕೆ, ಒಪ್ಪಿದೆ. ಆದರೆ ಮೀನಿಗೆ? ಇರುವೆ ಆ ಬಟ್ಟಲನ್ನು ಈಜಿ ದಾಟಿ, ಗಾಜು ಹತ್ತಿ, ಮತ್ತೆ ನೀರಿಗೆ ಧುಮುಕಿ ಮೀನನ್ನು ಕಚ್ಚಬೇಕು! ಅಂಥ ಇರುವೆಯಿದ್ದರೆ ನಾನೇ ಕರೆದು ಪದಕ ಕೊಡುತ್ತೇನೆ. ಬೌಲಿನ ಮೇಲೊಂದು ನೈಲಾನ್ ಪರದೆ ಬೇರೆ. ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣಕ್ಕೆಂದು ಕಟ್ಟುತ್ತಿದ್ದ ಪರದೆ ಅದು. ಬಾಗಿಲಲ್ಲಿ ಸುಣ್ಣದ ಪುಡಿ. ಅದನ್ನು ತುಳಿದು, ಕೈ ತೊಳೆದು ಒಳಗೆ ಹೋಗಬೇಕು.

ಅತ್ತೆ ನನ್ನನ್ನು ಕಂಡದ್ದೇ ಸೆರಗು ಕೊಡವಿ ಶುರು ಮಾಡಿದಳು. "ನೋಡವ್ವ ನಿಮ್ ಮಾವನ ಘನಂದಾರಿ ಕೆಲ್ಸವ. ಮೆಣಸಿನ್ಕಾಯಿ ಹುರಿಯಂಗಿಲ್ಲ, ಘಾಟು ಹೊಡ್ದದಂತೆ. ಮೀನ್ ಸಾರು ಮಾಡಂಗಿಲ್ಲ, ಅದು ನೋಡ್ಕಂಡು ನೊಂದ್ಕತ್ತದಂತೆ. ಈ ಮನೇಲಿ ನಾನ್ ನೊಂದ್ಕಂಡ್ರೆ ಕೇಳೋರಿಲ್ಲ!"

ಅಷ್ಟರಲ್ಲಿ ಎರಡು ಮೀನಿನಲ್ಲಿ ಒಂದು ಆಗಲೇ ಕೈಲಾಸ ಸೇರಿತ್ತು. ಹೇಗೆ ಅಂತೀರಾ? ಹುಳದ ತಟ್ಟೆ ತೊಳೆದಂತೆ ದಿನಾ ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಹಾಕಿ ಬೌಲು ತಿಕ್ಕಿ, ಹೊಸ ನೀರು ತುಂಬಿ, ಮೀನನ್ನು ಬಿಡುತ್ತಿದ್ದನಂತೆ ನಮ್ಮ ಸಾಕಾಣಿಕೆ ಪಂಡಿತ! ಆ ಘಾಟಿಗೆ ಮನುಷ್ಯರೇ ಕೆಮ್ಮುತ್ತಾರೆ. ಮಾವನ ತೀರ್ಪು ಬೇರೆ ಇತ್ತು. "ಪಕ್ಕದ್ಮನೆಯೋಳು ಬಂದು 'ಎಷ್ಟ್ ಚೆನ್ನಾಗೈತೆ' ಅಂದ್ಲು ಕಣವ್ವ. ಮಾರ್ನೆ ದಿನ್ಕೇ ಹೊಂಟೋಯ್ತು. ಕಣ್ಣು ಅಂದ್ರೆ ಸಾಮಾನ್ಯನಾ?" ಉಳಿದ ಮೀನಿನ ರಕ್ಷಣೆಗೆ ಬೌಲಿನ ಗಾಜಿನ ಮೇಲೆ ಕಾಡಿಗೆಯ ಬೊಟ್ಟು ಬಿತ್ತು. ಒಳಗಿನ ಮೀನು ಆ ಬೊಟ್ಟನ್ನು ಹುಳವೆಂದು ತಿಳಿದು ಗಾಜಿಗೆ ಮೂತಿ ಗುದ್ದುತ್ತಿತ್ತು. ಯಜಮಾನನಿಗೆ ತಕ್ಕ ಮೀನು!

ಬ್ಲೀಚಿಂಗ್ ಪೌಡರ್ ವಿಷಯಕ್ಕೆ ನಾನು ಗಂಟಲು ಹರಿದುಕೊಂಡ ಮೇಲೆ ಮಾವ ಅದನ್ನು ಬಿಟ್ಟ. ಬಿಟ್ಟದ್ದು ಬರೀ ಬ್ಲೀಚಿಂಗ್ ಪೌಡರನ್ನೇ? ನೀರು ಬದಲಿಸುವುದನ್ನೇ ಬಿಟ್ಟ! ನೀರು ಬದಲಿಸಿದ್ದಕ್ಕೇ ಒಂದು ಹೋಯಿತು, ಇನ್ನು ಮುಟ್ಟುವುದೇ ಬೇಡ ಎಂದು ತೀರ್ಮಾನಿಸಿದ. ಬತ್ತಿದಷ್ಟಕ್ಕೆ ಒಂದು ಲೋಟ ಮೇಲೆ ಸುರಿಯುವುದು, ಅಷ್ಟೆ. ಈ ಮನುಷ್ಯನಿಗೆ ನಡುದಾರಿ ಅನ್ನುವುದು ಗೊತ್ತೇ ಇಲ್ಲ. ಹಾಕಿದರೆ ಸುಣ್ಣದ ಗೂಡು, ಬಿಟ್ಟರೆ ಚರಂಡಿ.

ಆ ವರ್ಷದ ಚಳಿಗಾಲದಲ್ಲಿ ಇನ್ನೊಂದು ಪ್ರಹಸನ ನಡೆಯಿತು. ನಾನೂ ಅಲ್ಲೇ ಇದ್ದೆ. ಮುಂಜಾನೆ ಮೈ ಕೊರೆಯುವ ಚಳಿ. ಅತ್ತೆ ಪಾಪ, ಎಷ್ಟಾದರೂ ಹೆಂಗರುಳು, ಬಚ್ಚಲ ಹಂಡೆಯಿಂದ ಒಂದು ಚೆಂಬು ಬಿಸಿನೀರು ತಂದು "ಒಸಿ ಬೆರಸ್ಲಾ? ಮೀನು ನಡುಗ್ತಾ ಐತೇನೋ" ಅಂದಳು. ಮಾವ ಚೆಂಬನ್ನು ಕಿತ್ತು ಅಂಗಳಕ್ಕೆ ಎಸೆದ. "ಬಿಸ್ನೀರು ಅಂದ್ರೆ ನೋಡು ಮತ್ತೆ! ಈ ಬಾಗ್ಲೊಳೀಕೆ ಬಿಸ್ನೀರು ಬರ್ಕೂಡ್ದು!" ಎಂದು ಕೂಗಿದ ಕೂಗಿಗೆ ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಹೆಂಡತಿಗೆ ಎಂದೂ ಗದರಿದವನಲ್ಲ. ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ಗೋಲ್ಡ್ ಫಿಶ್ ತಣ್ಣೀರಿನ ಮೀನು ಅನ್ನುವುದು ನಿಜ, ಆದರೆ ಮಾವನಿಗೆ ಅದೆಲ್ಲಿ ಗೊತ್ತು? ಒಂದು ಚೆಂಬು ನೀರಿಗೆ ಇಷ್ಟು ರಂಪವೇ? ಈ ಸಲ ತಲೆ ಪೂರ್ತಿ ಕೆಟ್ಟಿದೆ ಅಂದುಕೊಂಡೆ.

ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಮಾವ ಬಾಗಿಲಲ್ಲೇ ಎದುರಾದ. ಮುಖವೆಲ್ಲ ನಗು.

"ಮೆಲ್ಲುಕ್ ಬಾ. ಜ್ವರುಕ್ ಕೂತೈತೆ!"

ಹುಳ ಸಾಕದವರಿಗೆ ಒಂದು ಮಾತು ಹೇಳಬೇಕು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಹುಳಕ್ಕೆ ಸೊಪ್ಪು ಹಾಕಬಾರದು, ಮುಟ್ಟಬಾರದು. ಜ್ವರದಿಂದ ಎದ್ದ ಹುಳ ಮೊದಲಿಗಿಂತ ದೊಡ್ಡದಾಗಿ, ಎರಡರಷ್ಟು ತಿನ್ನುತ್ತದೆ. ಹುಳದವನಿಗೆ ಅದು ಸಂತೋಷದ ಸುದ್ದಿ. ಆದರೆ ಸ್ವಾಮಿ, ಮೀನು ಎಲ್ಲಾದರೂ ಪೊರೆ ಬಿಡುತ್ತದೆಯೇ?

ಒಳಗೆ ಹೋಗಿ ನೋಡಿದರೆ ಬೌಲಿನ ನೀರು ಅಕ್ಕಿ ತೊಳೆದ ನೀರಿನ ಹಾಗಿದೆ. ಮೀನು ತಳದಲ್ಲಿ ಒಂದು ಕಡೆಗೆ ವಾಲಿಕೊಂಡು, ರೆಕ್ಕೆ ಮುದುರಿ, ಕಿವಿರು ಮಾತ್ರ ಆಡಿಸುತ್ತಿದೆ. ಬಂಗಾರದ ಬಣ್ಣ ಹೋಗಿ ಹಳೇ ಹಿತ್ತಾಳೆಯಂತಾಗಿದೆ. ಪಕ್ಕದಲ್ಲಿ ಈ ಮಹಾಶಯ ಬಾಣಂತಿ ಕೋಣೆಯ ಮುಂದೆ ನಿಂತ ಗಂಡನ ಹಾಗೆ ಬೀಗುತ್ತಿದ್ದಾನೆ!

"ಮಾವ, ಇದು ಪೊರೆ ಬಿಡ್ತಿಲ್ಲ. ಸಾಯ್ತಾ ಇದೆ."

"ಬುಡ್ತು ಅನ್ನು! ನಾಳೀಕೆ ಎದ್ದು ಹೆಂಗ್ ತಿಂತದೆ ನೋಡ್ತಿರು."

"ನಾಳೆ ನೀನು ಇದನ್ನ ಹೂಳ್ತೀಯ."

ಮಾವನ ಮುಖದ ನಗು ಆರಿಹೋಯಿತು. ಆದರೂ ಹಟ. ಬೌಲು ಬಿಡಲೊಲ್ಲ, ಅಂಗಡಿಯವನು ಹೇಳಿದ್ದಾನಂತೆ. ನನಗೆ ರೇಗಿಹೋಯಿತು. ವಿಜ್ಞಾನ ಪಕ್ಕಕ್ಕಿಟ್ಟು ಅವನ ಭಾಷೆಯಲ್ಲೇ ಕೇಳಿದೆ. "ಮರಿಹುಳ ಇದ್ದಾಗ ಒಂದು ತಟ್ಟೆ ಸಾಕಾಗ್ತಿತ್ತು. ದೊಡ್ಡದಾಗ್ತಾ ಬಂದ ಹಾಗೆ ಏನ್ ಮಾಡ್ತಿದ್ದೆ?"

"ಇನ್ನೇನ್ ಮಾಡದು? ಬೇರೆ ತಟ್ಟೆಗೆ ಬುಡುಸ್ತಿದ್ದೆ."

"ಬಿಡಿಸದಿದ್ರೆ?"

"ಇಕ್ಕಟ್ಟಾಗಿ, ಕಸ ಕೊಳ್ತು, ರೋಗ ಬಂದು..."

ಮಾವ ಬೌಲನ್ನು ನೋಡಿದ, ನನ್ನನ್ನು ನೋಡಿದ. ಬೆಳೆಯುವ ಜೀವಕ್ಕೆ ಜಾಗ ಬಿಡಿಸಬೇಕು ಅನ್ನುವುದನ್ನು ಊರಿಗೆಲ್ಲ ಹೇಳಿಕೊಟ್ಟವನು! ಬೌಲನ್ನು ಎದೆಗವಚಿಕೊಂಡು ಹೊರಕ್ಕೆ ಓಡಿದ. ಸುಣ್ಣ, ಪರದೆ, ಇರುವೆ ಬಟ್ಟಲು ಎಲ್ಲ ಕಾಲಿಗೆ ಸಿಕ್ಕಿ ಚೆಲ್ಲಾಪಿಲ್ಲಿ. ಅಲ್ಲಿ ಹೊಂಗೆ ಮರದ ನೆರಳಿಗೆ ಹಸು ನೀರು ಕುಡಿಯುವ ದೊಡ್ಡ ಕಲ್ಲುತೊಟ್ಟಿ, ತುಂಬ ಬಾವಿಯ ನೀರು. ನಾನು ಹೇಳಿದಂತೆ ತೊಟ್ಟಿಯ ನೀರನ್ನು ಬೌಲಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿ, ಮೀನಿಗೆ ಹೊಂದಿಕೆಯಾದ ಮೇಲೆ ಮೆಲ್ಲಗೆ ಬಗ್ಗಿಸಿದ. ಮೀನು ಹಾಗೇ ತಳಕ್ಕಿಳಿಯಿತು. ಎಳ್ಳುಬೆಲ್ಲ ತಿನ್ನು ಅಂದರೂ ಆ ಹೊತ್ತು ಮಾವನ ಬಾಯಿಗೆ ಏನೂ ಇಳಿಯಲಿಲ್ಲ. ಹಸು ನೀರಿಗೆ ಬಂದರೆ ಅದಕ್ಕೂ ಗದರಿಕೆ. "ಅತ್ಲಾಗೋಗು, ಕುಡ್ದ್ಬುಟ್ಟೀಯ ಅದ!" ಅಂತೆ. ಕೊನೆಗೆ ಹಸುವಿಗೆ ಬಕೆಟ್ಟಿನಲ್ಲಿ ನೀರು, ಮೀನಿಗೆ ತೊಟ್ಟಿ!

ಮೀನು ಬದುಕಿತು. ಬದುಕದೆ ಏನು, ಅದರ ಯಜಮಾನನಿಗಿಂತ ಅದಕ್ಕೆ ಬುದ್ಧಿಯಿತ್ತು. ಯುಗಾದಿಗೆ ಹೋದಾಗ ಅಂಗೈ ಉದ್ದವಾಗಿ, ಮೈತುಂಬ ಬಂಗಾರ ಹೊತ್ತು, ತೊಟ್ಟಿಯ ಈ ತುದಿಯಿಂದ ಆ ತುದಿಗೆ ಸವಾರಿ ಹೊರಟಿತ್ತು. ಊಜಿ ನೊಣದ ಪರದೆ ಈಗ ತೊಟ್ಟಿಯ ಮೇಲೆ ಮಿಂಚುಳ್ಳಿ ಎರಗದಂತೆ ಹರಡಿತ್ತು. ಕೊನೆಗೂ ಅದು ಒಂದು ಕೆಲಸಕ್ಕೆ ಬಂತಲ್ಲ! ಮಾವ ತೊಟ್ಟಿಯ ಅಂಚಿನಲ್ಲಿ ಕೂತು ನೀರಿಗೆ ಬೆರಳಿಟ್ಟಿದ್ದ. ಮೀನು ಬಂದು ಬೆರಳು ಮೂಸುತ್ತಿತ್ತು. ಗೆದ್ದವಳ ಗತ್ತಿನಲ್ಲಿ ನಾನು ಚುಚ್ಚಿದೆ.

"ಅಲ್ಲ ಮಾವ, ಇಷ್ಟೆಲ್ಲ ಒದ್ದಾಡಿದೆಯಲ್ಲ, ಈ ಮೀನು ನಿನಗೇನು ಗೂಡು ಕಟ್ಟಿ ಕೊಡುತ್ತಾ?"

"ಕಟ್ಟಲ್ಲ ಕಣವ್ವ. ಅದ್ಕೇ ತಂದಿದ್ದು."

ನೀರು ನೋಡುತ್ತಲೇ ಹೇಳಿದ. "ಆವತ್ತು ಕೊನೇ ಮೂಟೆ ಕೊಟ್ಟೆ ನೋಡು, ಮನೀಗ್ ಬರಕ್ಕೆ ಮನ್ಸಾಗ್ಲಿಲ್ಲ. ನಮ್ ಗೂಡು ತಕ್ಕಂಡೋರ ಹಿಂದ್ಗುಂಟ ನೂಲು ತೆಗ್ಯೋ ಕಡೀಕೆ ಹೋದೆ. ಒಳ್ಗಿರೋ ಹುಳ ಏನಾಯ್ತದೆ ಅಂತ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಕಣ್ಣಾರೆ ನೋಡಿರ್ಲಿಲ್ಲ. ಕುದಿಯೋ ನೀರ್ಗೆ ಸುರುದ್ರು ಕಣವ್ವ. ಇರುವೆ ಕಚ್ಚದಂಗೆ ಸಾಕಿದ್ದೆ ನಾನು ಅವ. ಅಷ್ಟು ವರ್ಷ ಅಷ್ಟು ಸಾಕ್ದೆ, ಒಂದಾದ್ರೂ ಮುಪ್ಪಾಗಿ ಸತ್ತುದ್ದ ಕಾಣ್ನಿಲ್ಲ. ಇದೊಂದಾದ್ರೂ ಮುದಿಯಾಗ್ಲಿ ಅಂತ ತಂದೆ."

ಚಳಿಗಾಲದ ಆ ಚೆಂಬು ನೆನಪಾಯಿತು. ಅವನ ಪಕ್ಕ ತೊಟ್ಟಿಯ ಅಂಚಿನಲ್ಲಿ ಕೂತೆ.

ಅಷ್ಟರಲ್ಲಿ ಬಚ್ಚಲ ಕಡೆಯಿಂದ ಅತ್ತೆ ಕೂಗಿದಳು. "ಎಣ್ಣೆ ನೀರ್ಗೆ ಹೊತ್ತಾಯ್ತು! ಹಂಡೇಲಿ ನೀರು ಕುದೀತಾ ಐತೆ, ಬನ್ನೀ!"

ಮಾವ ಥಟ್ಟನೆ ತೊಟ್ಟಿಯ ಮೇಲೆ ಅಂಗೈ ಅಡ್ಡ ಹಿಡಿದು, ಅತ್ತೆಯತ್ತ ತಿರುಗಿ ದನಿ ತಗ್ಗಿಸಿ ಹೇಳಿದ. "ಮೆಲ್ಲುಕ್ ಹೇಳಮ್ಮಿ. ಅದ್ಕೆ ಕೇಳುಸ್ತದೆ."