ಏಳನೇ ಕುಳಿಯ ಸಾಹೇಬರು

ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಎಳೆದು ಹೋಗಿದ್ದ ಒಂದು ಇಂಟು ಮಾರ್ಕೇ ಮಲಕಪ್ಪನ ಅಂದಿನ ಫಜೀತಿಗೆಲ್ಲ ಮೂಲ.

ಪುಣೆಯ ಹಳೆಯ ಗಾಲ್ಫ್ ಕ್ಲಬ್ಬೊಂದರಲ್ಲಿ ಅವನು ಹುಲ್ಲು ಕತ್ತರಿಸುವ ಮಾಲಿ. ಯಾದಗಿರಿ ಕಡೆಯಿಂದ ಬಂದು ಹದಿನಾರು ವರ್ಷ. ಆಟದವರು ಚೆಂಡು ಬೀಳಿಸುವ ಏಳನೇ ಕುಳಿಯ ಪಕ್ಕದ ಹಂಚಿನ ಕೋಣೆಯಲ್ಲೇ ಸಂಸಾರ. ಮುಂಜಾನೆ ಮಂಜಿನಲ್ಲಿ ಮೈದಾನವೆಲ್ಲ ಹಾಲಿನ ಕೆರೆಯಂತೆ ತೇಲುವಾಗ, ಯಂತ್ರ ತಳ್ಳುತ್ತಲೇ ಅವನು ಕನಸಿಗೆ ಜಾರಿಬಿಡುತ್ತಿದ್ದ. ಈಗ ನೋಡಿದರೆ ಗೋಡೆಗೆ ಈ ಕೆಂಪು ಗುರುತು; ಆ ಕೋಣೆ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ.

ಕಸ ಗುಡಿಸುವ ಸಕ್ಕುಬಾಯಿ ಉಪಾಯ ಹೇಳಿದಳು: "ಈ ವರ್ಷ ಕ್ಲಬ್ಬಿಗೆ ನೂರು ತುಂಬತಾವ. ಮುರಿದ ಆಟದ ಕೋಲಿಗೂ ಗಾಜಿನ ಕಪಾಟು ಮಾಡ್ಸ್ಯಾರ. ಹಳೇದು ಅಂದ್ರ ಮುಟ್ಟಂಗಿಲ್ಲ ಅವ್ರು. ನಿನ್ನ ಮನೀನೂ ಹಳೇದು ಅಂತ ಹೇಳು."

ಒಂಬತ್ತಕ್ಕೆ ಕಾರ್ಯದರ್ಶಿ ಲೀಲಾಕ್ಷಿ ಮೇಡಂ ಬಂದರು. ಮಂಗಳೂರಿನವರು, ಕ್ಲಬ್ಬಿನ ಚರಿತ್ರೆ ಬರೆಯುತ್ತಿದ್ದರು. ಮಲಕಪ್ಪ ಮಂಜಿನತ್ತ ನೋಡಿದ. ಮಾತು ತಾನಾಗಿ ಬಂತು.

"ಮೇಡಂ, ಬಿಳಿ ಸಾಹೇಬ್ರು ನಮ್ಮ ಮನಿ ಮುಂದಿನ ಈ ಕಟ್ಟಿ ಮ್ಯಾಲ ಕೂತು ಚಾ ಕುಡೀತಿದ್ರಂತ್ರಿ."

"ಹೌದಾ? ಯಾರು?"

ಮಲಕಪ್ಪ ತಡವರಿಸಿದ. ಅಲ್ಲೇ ನಿಂತಿದ್ದ, ಆಟಗಾರರ ಚೀಲ ಹೊರುವ ಅಂಬಣ್ಣ ನೆರವಿಗೆ ಬಂದ: "ಡಂಕನ್ ಸಾಹೇಬ್ರರೀ! ಒಮ್ಮೆ ಅವ್ರ ಚೆಂಡು ಕಿಡಕ್ಯಾಗಿಂದ ಬಂದು ಪಲ್ಯದ ಗಡಗ್ಯಾಗ ಬಿತ್ತಂತ. ಚೆಂಡು ಕೈಲೆ ಮುಟ್ಟಬಾರ್ದು, ನೇಮ ಅಂದ್ರ ನೇಮ ಅಂತ ಗಡಗ್ಯಾಗಿಂದನ ಹೊಡದ್ರಂತ!"

"ಬದನೀಕಾಯಿ ಪಲ್ಯ," ಎಂದು ಒಳಗಿನಿಂದ ಬಂದ ಹೆಂಡತಿ ಶಿವಬಸವ್ವ, ಹಿಂದಿನ ವಾರ ತಾನೇ ಚೆಲ್ಲಿದ್ದ ಎಣ್ಣೆಯ ಕಲೆ ತೋರಿಸಿದಳು. "ಗ್ವಾಡಿಗೆ ಸಿಡದದ್ದು ಇನ್ನೂ ಹೋಗಿಲ್ಲ ನೋಡ್ರಿ."

ಮೇಡಂ ಬೆರಳಿನಿಂದ ಆ ಕಲೆಯನ್ನು ದೇವರ ಕುಂಕುಮದಂತೆ ಮುಟ್ಟಿದರು.

ಮಧ್ಯಾಹ್ನ ಅಧ್ಯಕ್ಷರೇ ಬಂದರು. ಪುಣೆ ಹತ್ತಿರದ ಚಾಕಣದಲ್ಲಿ ಕಾರ್ಖಾನೆ ಇದ್ದವರು. ಅಷ್ಟೊತ್ತಿಗೆ ಕತೆಯಲ್ಲಿ ಡಂಕನ್ ಸಾಹೇಬರಿಗೆ ಒಂದು ಬಿಳಿ ಕುದುರೆ ಬಂದಿತ್ತು, ಸಾಹೇಬರ ಎಡಗಾಲು ಕುಂಟಾಗಿತ್ತು. ಮಲಕಪ್ಪನ ಅರೆಮುಚ್ಚಿದ ಕಣ್ಣಿಗೆ ಬಿಸಿಲಿನಲ್ಲಿ ಕುಂಟುತ್ತ ಬರುವ ಸಾಹೇಬರು ನಿಜವಾಗಿಯೇ ಕಾಣಿಸತೊಡಗಿದ್ದರು. ಕೊನೆಗೆ ಏನಾದರು ಎಂದು ಅಧ್ಯಕ್ಷರು ಮರಾಠಿಯಲ್ಲಿ ಕೇಳಿದಾಗ ಅವನು ಕಟ್ಟೆಯತ್ತ ಕೈ ತೋರಿಸಿದ.

"ಇದ ಕಟ್ಟಿ ಮ್ಯಾಲ ಜೀವಾ ಬಿಟ್ರಂತ್ರಿ..." ಎಂದು ಅತ್ತೇಬಿಟ್ಟ. ಮೇಡಂ ಅದನ್ನು ಮರಾಠಿಯಲ್ಲಿ ಹೇಳಿದರು. ಅಧ್ಯಕ್ಷರು ಟೋಪಿ ತೆಗೆದರು.

ಸಂಜೆ ಆಳೊಬ್ಬ ಬಂದು ಸೀಮೆಎಣ್ಣೆಯಿಂದ ಕೆಂಪು ಗುರುತು ಒರೆಸಿದ. ಶಿವಬಸವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಅದು ಕರಗುವುದರೊಳಗೆ ಮೇಡಂ ಒಂದು ಬೋರ್ಡು, ಒಂದು ಬೀಗ ಹಿಡಿಸಿಕೊಂಡು ಬಂದರು.

"ಕೆಡವೋದಿಲ್ಲ ಮಲಕಪ್ಪ. ಡಂಕನ್ ಕಾಟೇಜ್ ಅಂತ ಹೆಸರಿಟ್ಟಿದ್ದೇವೆ. ನಾಳೆ ಸಾಮಾನು ತೆಗೆದುಬಿಡಿ."

"ನಾವು ಇರೂ ಮನಿ ಅಲ್ರೀ ಇದು?"

"ಇಂಥಾ ಜಾಗದಲ್ಲಿ ಒಲೆ ಹಚ್ಚೋದಾ? ಸಾಹೇಬರು ಪ್ರಾಣ ಬಿಟ್ಟ ಜಾಗ!"

"ಅಂಥಾ ಸಾಹೇಬ್ರು ಯಾರೂ ಇದ್ದಿಲ್ರೀ ಮೇಡಂ!" ಮಲಕಪ್ಪ ಕೈಮುಗಿದ. "ನಾನ ಹುಟ್ಟಿಸಿದ್ದು!"

ಜ್ವರ ಬಂದವನನ್ನು ನೋಡುವಂತೆ ಮೇಡಂ ಅವನನ್ನು ನೋಡಿದರು.

"ಬೇಜಾರಾಗಿದೆ, ಗೊತ್ತು. ಆದ್ರೂ ಹಾಗೆಲ್ಲ ಮಾತಾಡಬೇಡಿ. ಎಷ್ಟಂದ್ರೂ ಅವರು ನಮ್ಮ ಕ್ಲಬ್ಬಿನ ಮೆಂಬರು."